ಶನಿವಾರ ಸಂಜೆ ಗಜೇಂದ್ರ ಸ್ತುತಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ ಶಿರಸಿಯಲ್ಲಿ, ದೇವಿಕೆರೆ ಹತ್ತಿರದ ಮಾಮೂಲಿ ಮನೆಯಲ್ಲೇ ಭಜನೆ. ಈ ಸಲ ಭಾಗವತದ 8ನೇ ಸ್ಕಂಧದ ಗಜೇಂದ್ರ ಸ್ತುತಿ ಓದೋಣ. ನಮ್ಮಲ್ಲೇ ಕೆಲವು ಮನೆಗಳಲ್ಲಿ ಕಷ್ಟ ಇರುವುದು ಗೊತ್ತೇ ಇದೆ. ಮೊಸಳೆ ಕಾಲು ಹಿಡಿದಾಗ ಗಜೇಂದ್ರ ಮೊದಲು ತನ್ನ ಬಲವನ್ನೇ ನಂಬಿದ, ಜೊತೆಯ ಆನೆಗಳೂ ಎಳೆದವು. ಏನೂ ಸಾಗದಾಗಲೇ ಹರಿಯನ್ನು ಕೂಗಿದ್ದು. ಹಾಗಾಗಿ ತಡವಾಗಿ ಕರೆದೆ ಎಂಬ ಸಂಕೋಚ ಯಾರಿಗೂ ಬೇಡ. ಅಳು ಬಂದರೆ ಅಳಿ, ಕಾರಣ ಕೇಳುವವರಿಗೆ ಕಷಾಯ ಸಿಗುವುದಿಲ್ಲ!

ಪುಸ್ತಕ ಇದ್ದವರು ತನ್ನಿ. ಬೇರೆಯವರ ಕಾಯಿಲೆ, ಸಾಲದ ಸುದ್ದಿ ಇಲ್ಲಿ ಹಾಕಬೇಡಿ. ತಡೆಯಲಾಗದ ಸಂಕಟವಾದರೆ ಶನಿವಾರದವರೆಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬರುವವರು ಗುರುವಾರದೊಳಗೆ ತಿಳಿಸಿ.