ಬಲೆಯ ಲೆಕ್ಕ ಹದಿನೈದು ದಿನ ಕಾಯುವಂತಿಲ್ಲ

ಮಾನ್ಯ ಸಂಪಾದಕರೇ,

ಮುಸುಕಿನ ಜೋಳದ ಬಿತ್ತನೆ ಬಂತೆಂದರೆ, ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಮೋಹಕ ಬಲೆಗಳ ಮಾತು ಬರುತ್ತದೆ. ಎಕರೆಗೆ ಐದು ಬಲೆ ಎಂಬ ಶಿಫಾರಸೂ ಇದೆ. ಆದರೆ ಬಿದ್ದ ಪತಂಗಗಳನ್ನು ಯಾರು ಎಣಿಸಬೇಕು, ಹೇಗೆ ಬರೆಯಬೇಕು, ಎಷ್ಟು ದಿನದೊಳಗೆ ಯಾರಿಗೆ ಮುಟ್ಟಿಸಬೇಕು ಎಂಬುದು ಬಿತ್ತನೆಗೆ ಮೊದಲೇ ಗೊತ್ತಾಗಬೇಕು. ಇಲ್ಲದಿದ್ದರೆ ಬಲೆ ಕಟ್ಟಿಯೂ ಉಪಯೋಗವಿಲ್ಲ.

2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವನ್ನೇ ನೋಡಿ. ಎಲೆ ಮೇಲೆ ಗುಂಪಾಗಿಟ್ಟ ಮೊಟ್ಟೆ ಎರಡು-ಮೂರು ದಿನಕ್ಕೇ ಒಡೆಯುತ್ತದೆ. ಹುಳು ಬಲಿತು ಸುಳಿಗೆ ಇಳಿದು, ಒದ್ದೆ ಮರದಪುಡಿಯಂಥ ಹಿಕ್ಕೆ ಮೇಲೆ ತುಂಬಿತೆಂದರೆ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದನ್ನು ಹಾಳುಮಾಡುವ ಟ್ರೈಕೊಗ್ರಾಮ ಎಂಬ ಪುಟ್ಟ ಪರತಂತ್ರ ಜೀವಿಯನ್ನು ಎಕರೆಗೆ 50,000ದಂತೆ ಬಿಡುವುದಿದ್ದರೂ ಮೊಟ್ಟೆ ಇರುವಾಗಲೇ ಬಿಡಬೇಕು. ಹದಿನೈದು ದಿನಕ್ಕೊಮ್ಮೆ ಕೈಸೇರುವ ವರದಿಯಿಂದ ಏನು ಪ್ರಯೋಜನ?

ಬರೆಯುವ ರೀತಿಯಲ್ಲೂ ಎಡವುತ್ತೇವೆ. ‘ಬಲೆಯಲ್ಲಿ 21’ ಎಂದರೆ ಒಂದು ರಾತ್ರಿಯದೋ, ಒಂದು ವಾರದ್ದೋ? ವಾರದ್ದಾದರೆ ರಾತ್ರಿಗೆ ಮೂರೇ. ಹಾಗಾಗಿ ಹಿಂದಿನ ಎಣಿಕೆಯಿಂದ ಎಷ್ಟು ರಾತ್ರಿ ಕಳೆದಿವೆ ಎಂದು ಬರೆಯಲೇಬೇಕು. ಏನೂ ಬೀಳದ ದಿನ ಸೊನ್ನೆ ಎಂದು ಬರೆಯಬೇಕು. ಖಾಲಿ ಬಿಟ್ಟರೆ ಹುಳು ಇರಲಿಲ್ಲವೋ, ಎಣಿಸಿದವರೇ ಇರಲಿಲ್ಲವೋ ಯಾರಿಗೆ ಗೊತ್ತು? ಬಲೆಯೊಳಗೆ ವಾಸನೆ ಬೀರುವ ಲ್ಯೂರ್ ಬದಲಿಸಿದ ತಾರೀಕೂ ಬೇಕು. ವಾಸನೆ ಸತ್ತ ಲ್ಯೂರ್ ಕೊಡುವ ಸೊನ್ನೆಯನ್ನು ನಂಬಿ ಸುಮ್ಮನಿದ್ದರೆ ಬೆಳೆ ಹೋಗುತ್ತದೆ. ಬೇರೆ ಪತಂಗಗಳೂ ಬಲೆಗೆ ಬೀಳುವುದರಿಂದ ಫಾಲ್ ಸೈನಿಕ ಹುಳುವಿನ ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿರುವ ಬಿಳಿ ಮಚ್ಚೆ ನೋಡಿಯೇ ಎಣಿಸಬೇಕು. ಹುಳುವಾದರೆ ತಲೆಯ ಮೇಲೆ ತಲೆಕೆಳಗಾದ ‘ವೈ’, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಬರೀ ‘ಸೈನಿಕ ಹುಳು’ ಎಂದು ಬರೆದರೆ ನಮ್ಮಲ್ಲಿ ಮೊದಲಿನಿಂದ ಇರುವ ಸೈನಿಕ ಹುಳುವಿನ ಲೆಕ್ಕವೂ ಇದರಲ್ಲಿ ಸೇರಿಹೋಗುತ್ತದೆ.

ಬಲೆಗೆ ಬೀಳುವುದು ಗಂಡು ಮಾತ್ರ, ಬೆಳೆಗಾದ ಹಾನಿಯನ್ನು ಅದು ಹೇಳದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಐದು ಕಡೆ ಹತ್ತತ್ತು ಗಿಡಗಳ ಸುಳಿ ಬಿಡಿಸಿ ನೋಡಬೇಕು. ಎಳೆ ಪೈರಿನ 50 ಗಿಡಗಳಲ್ಲಿ ಮೂರಕ್ಕೆ ಹೊಸ ಹಾನಿ ಕಂಡರೆ ಶೇ 5 ದಾಟಿದಂತೆ. ಬೇವಿನ ಕಷಾಯಕ್ಕೆ ಅದೇ ಸಮಯ. ಮುಂದೆ ಕೀಟನಾಶಕ ಹೊಡೆದರೆ ಅಂಗಡಿಯ ಹೆಸರಲ್ಲ, ಮೂಲ ರಾಸಾಯನಿಕದ ಹೆಸರು ಬರೆಯಬೇಕು. ಒಂದೇ ರಾಸಾಯನಿಕ ಹತ್ತು ಹೆಸರಲ್ಲಿ ಸಿಗುತ್ತದೆ. ಬೇರೆ ಔಷಧಿ ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಹೊಡೆದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ.

ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ಇಲಾಖೆ ಕೂತು ಇಷ್ಟು ವಿವರಗಳ ಒಂದೇ ನಮೂನೆ ಗೊತ್ತುಮಾಡಲಿ. ರೈತರ ಹೆಸರು, ಸರ್ವೆ ನಂಬರ್ ಕಚೇರಿಯಲ್ಲೇ ಇರಲಿ. ಅವು ಹೊರಗೆ ಹೋಗುತ್ತವೆಂದರೆ ಯಾರೂ ನಿಜ ಹೇಳುವುದಿಲ್ಲ. ಹೋಬಳಿವಾರು ಲೆಕ್ಕ ಮಾತ್ರ ಎರಡು ದಿನದೊಳಗೆ ರೈತ ಸಂಪರ್ಕ ಕೇಂದ್ರಕ್ಕೆ ಬರಲಿ, ಬೆಳಿಗ್ಗೆ ಸಂಜೆ ಹಾಲು ಹಾಕುವ ಡೇರಿಯ ಹಲಗೆ ಮೇಲೂ ಸೀಮೆಸುಣ್ಣದಲ್ಲಿ ಬರೆಯಲಿ.

– ಕೀಟ ಸಮೀಕ್ಷೆಯ ಕೆಲಸಗಾರರು, ಬೆಂಗಳೂರು