ಭಾನುವಾರ ಅಭ್ಯಾಸದ ನಂತರ ಉದಾಂತ ಸಿಂಗ್ ಆಟದ ವಿಡಿಯೊ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಆಸ್ಟಿನ್ ಟೌನ್ ಮೈದಾನದಲ್ಲಿ ಅಭ್ಯಾಸ ಎಂದಿನಂತೆ ಬೆಳಿಗ್ಗೆ 6.30ಕ್ಕೆ. 8.30ಕ್ಕೆ ಮುಗಿಸಿ, 14 ವರ್ಷದೊಳಗಿನ ಮಕ್ಕಳನ್ನು ಒಂದು ಗಂಟೆ ಕೂರಿಸಿಕೊಂಡು ಫುಟ್‌ಬಾಲ್ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಆಟಗಾರ) ಉದಾಂತ ಸಿಂಗ್ ಅವರ ಆರಂಭದ ವರ್ಷಗಳ ಆಟ ತೋರಿಸುತ್ತೇವೆ. ಪೋಷಕರೂ ಇರಿ.

ಅವರೇ ಯಾಕೆ? ಮಣಿಪುರದ ಹುಡುಗ. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, 2014ರಲ್ಲಿ 18ನೇ ವಯಸ್ಸಿಗೇ ಬೆಂಗಳೂರು ಎಫ್‌ಸಿ ಸೇರಿದರು. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಅನ್ನು ಆಗಷ್ಟೇ ಗೆದ್ದಿದ್ದ ತಂಡದಲ್ಲಿ ಹೊಸಬನಿಗೆ ಜಾಗ ಸಿಗೋದು ಸುಲಭವಲ್ಲ. 2016ರ ಹೊತ್ತಿಗೆ ಭಾರತ ತಂಡಕ್ಕೂ ಆಡಿದ್ದರು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4-1 ಗೆಲುವಿನಲ್ಲಿ ಅನಿರುದ್ಧ್ ಥಾಪಾ ಹೊಡೆದ ಗೋಲ್‌ಗೆ ಪಾಸ್ ಕೊಟ್ಟವರು ಇವರೇ. ಆ ಓಟವನ್ನು ಮಕ್ಕಳು ನಿಧಾನಗತಿಯಲ್ಲಿ ನೋಡಲೇಬೇಕು. ಚೆಂಡು ಬರುವ ಮೊದಲೇ ತಲೆ ಎತ್ತಿ ನೋಡೋದು, ಗೆರೆ ಪಕ್ಕ ಜಾಗ ಹುಡುಕೋದು, ಕೊನೆಗೆ ಸ್ವಾರ್ಥವಿಲ್ಲದೆ ಪಾಸ್ ಕೊಡೋದು. ವಿಂಗರ್‌ನನ್ನು ಬರೀ ಗೋಲ್ ಲೆಕ್ಕದಲ್ಲಿ ಅಳೆಯಬಾರದು ಅಂತ ನನ್ನ ಗಟ್ಟಿ ನಂಬಿಕೆ. ನಮ್ಮಲ್ಲಿ ಅಂಚಿನಲ್ಲಿ ಆಡುವ ಮಕ್ಕಳು ಗೋಲ್ ಬರಲಿಲ್ಲ ಅಂತ ಬೇಗ ಬೇಜಾರಾಗ್ತಾರೆ ಅಲ್ವಾ?

ನೀರಿನ ಬಾಟಲಿ, ಒಂದು ನೋಟ್‌ಬುಕ್, ತಿಂಡಿ ಡಬ್ಬಿ ಕಳಿಸಿ. ಲ್ಯಾಪ್‌ಟಾಪ್ ಇದೆ, ಪ್ರೊಜೆಕ್ಟರ್ ಯಾರಾದರೂ ತರುವುದಾದರೆ ಹೇಳಿ. ಮಗುವಿನ ಹೆಸರು, ಜೊತೆಗೆ ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ.