'ಪುರುಸೊತ್ತಿಲ್ಲ' ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ವಿದೇಶಕ್ಕೆ ಹೊರಟ ನರ್ಸ್‌ಗಳ ಇಂಗ್ಲಿಷ್ ತಯಾರಿ ಕುರಿತು ನಿಮ್ಮ ಶಿಕ್ಷಣ ಪುಟದಲ್ಲಿ ಬಂದ ಲೇಖನವನ್ನು ಊರಿನಿಂದ ತಂಗಿ ಫೋಟೊ ತೆಗೆದು ಕಳುಹಿಸಿದ್ದಳು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿಯಾಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಓದು, ಆಲಿಸುವಿಕೆ, ಮಾತು ಈ ಮೂರರಲ್ಲಿ 7, ಬರವಣಿಗೆಯಲ್ಲಿ 6.5 ಅಂಕ ಬೇಕು ಎಂಬ ವಿವರವೆಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಕೊಟ್ಟ ಮಾದರಿ ವಾಕ್ಯಗಳಲ್ಲಿ ಒಂದನ್ನು ಓದಿದಾಗ ಮಾತ್ರ ಸುಮ್ಮನಿರಲಾಗಲಿಲ್ಲ. 'ನನಗೆ ಈಗ ಪುರುಸೊತ್ತಿಲ್ಲ' ಎನ್ನುವುದಕ್ಕೆ 'ಐ ಹ್ಯಾವ್ ನೋ ಟೈಮ್ ನೌ' ಎಂದು ಕೊಟ್ಟಿದ್ದೀರಿ. ವ್ಯಾಕರಣದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಬಗೆಯ ವಾಕ್ಯವನ್ನು ನಂಬಿ ನಾನು ಒಬ್ಬ ಅಜ್ಜಿಯ ಮನಸ್ಸು ನೋಯಿಸಿದ್ದೇನೆ.

ನಾನು ಸುಳ್ಯ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರಿನಲ್ಲಿ ನರ್ಸಿಂಗ್ ಓದು. ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಯೊಂದರ ಮೂಳೆ ವಾರ್ಡಿಗೆ ಸೇರಿ ಆರು ವರ್ಷಗಳಾದವು. ಇಲ್ಲಿ ದಾಖಲಾಗುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರು.

ಸೇರಿದ ಎರಡನೆಯ ತಿಂಗಳು. ಬೆಳಗಿನ ಔಷಧಿ ಕೊಡುವ ಹೊತ್ತು. ಆಚೆ ಹಾಸಿಗೆಯವರಿಗೆ ಹಾಕಬೇಕಾದ ಆಂಟಿಬಯೋಟಿಕ್ ಡ್ರಿಪ್ ನನ್ನ ಕೈಯಲ್ಲಿತ್ತು. ಕಿಟಕಿ ಪಕ್ಕದ ಅಜ್ಜಿ ಕೈ ಚಾಚಿ, 'ಹ್ಯಾವ್ ಯು ಗಾಟ್ ಎ ಮಿನಿಟ್, ಲವ್?' ಎಂದು ಕೇಳಿದರು. ಲೀಡ್ಸ್ ಇರುವ ಯಾರ್ಕ್‌ಷೈರ್ ಕಡೆಯವರು ಗುರುತಿಲ್ಲದವರನ್ನೂ 'ಲವ್' ಎಂದೇ ಕರೆಯುತ್ತಾರೆ, ನಮ್ಮ ಕಡೆ ಹಿರಿಯರು 'ಮಗಳೇ' ಎನ್ನುವ ಹಾಗೆ. ನಾನು ನಗುನಗುತ್ತಲೇ 'ಸಾರಿ, ಐ ಹ್ಯಾವ್ ನೋ ಟೈಮ್ ಫಾರ್ ಯು ನೌ' ಎಂದೆ. ಚಾಚಿದ ಕೈ ಮೆಲ್ಲಗೆ ಹೊದಿಕೆಯೊಳಗೆ ಹೋಯಿತು. ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಡ್ರಿಪ್ ಹಾಕಿ ಬಂದ ಮೇಲೆ ಹಿರಿಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದರು. 'ಐ ಹ್ಯಾವ್ ನೋ ಟೈಮ್ ಫಾರ್' ಎಂಬುದರ ಮುಂದೆ ಒಬ್ಬ ಮನುಷ್ಯನನ್ನು ತಂದಿಟ್ಟರೆ, 'ಅಂಥವರನ್ನು ಕಂಡರೆ ನನಗಾಗುವುದಿಲ್ಲ' ಎಂಬ ಅರ್ಥವೂ ಇಲ್ಲಿ ಬರುತ್ತದೆ. ಸುಳ್ಳು ಹೇಳುವವರ ಬಗ್ಗೆ, ಸೋಮಾರಿಗಳ ಬಗ್ಗೆ ಆಡುವ ಮಾತು ಅದು. 'ನೌ' ಎಂಬ ಕೊನೆಯ ಪದ ಅದನ್ನು ಒಂದಿಷ್ಟು ಮೆತ್ತಗೆ ಮಾಡಿತ್ತು, ಅಷ್ಟೆ. ನಾನು ವಾಪಸ್ ಹೋಗಿ ಕ್ಷಮೆ ಕೇಳಿದೆ. ಪಾದದ ಮೇಲಿನ ಹೊದಿಕೆ ಜಾರಿತ್ತು, ಕಾಲು ತಣ್ಣಗಾಗಿತ್ತು. ಆಪರೇಷನ್ ಆದ ಕಾಲನ್ನು ಎತ್ತಲಾರದೆ ಅಷ್ಟಕ್ಕಾಗಿ ಕರೆದಿದ್ದರು. ಅರ್ಧ ನಿಮಿಷದ ಕೆಲಸ.

ಒಂದೇ ಮಾತು ಕನ್ನಡದಲ್ಲಿ ಅಷ್ಟೊಂದು ಚುಚ್ಚದೆ ಇಂಗ್ಲಿಷಿನಲ್ಲಿ ಯಾಕೆ ಚುಚ್ಚಿತು ಎಂದು ಬಹಳ ದಿನ ಯೋಚಿಸಿದ್ದೇನೆ. ನಾವು 'ನನಗೆ ಪುರುಸೊತ್ತಿಲ್ಲ' ಎನ್ನುತ್ತೇವೆ. 'ನನಗೆ ಹಸಿವಿಲ್ಲ', 'ನನಗೆ ನಿದ್ದೆ ಇಲ್ಲ' ಎಂದ ಹಾಗೆಯೇ ಅದೂ. ಅದು ನನಗೆ ಒದಗಿ ಬರುವಂಥದ್ದು, ಬಾರದಿದ್ದರೆ ನಾನೇನು ಮಾಡಲಿ? 'ಪುರುಸೊತ್ತಾಗಲಿಲ್ಲ' ಎಂದರಂತೂ ಹೊಣೆ ಪೂರ್ತಿ ಕೆಲಸದ ಮೇಲೆ. 'ಬಿಡುವು' ಎಂಬ ಪದವನ್ನೇ ನೋಡಿ, ಕೆಲಸ ನಮ್ಮನ್ನು ಬಿಟ್ಟರೆ ಬಿಡುವು. ಹಾಗೆಂದು ಕನ್ನಡದಲ್ಲಿ ಯಾರಿಗೂ ಬೇಸರವಾಗುವುದಿಲ್ಲ ಎನ್ನುತ್ತಿಲ್ಲ. ಮದುವೆಗೆ ಪುರುಸೊತ್ತಾಗಲಿಲ್ಲ ಎಂದ ನೆಂಟರ ಮೇಲಿನ ಮುನಿಸು ವರ್ಷಗಟ್ಟಲೆ ಉಳಿದದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೂ ದಿನನಿತ್ಯದ ಮಾತಿನಲ್ಲಿ ಅದಕ್ಕೆ ಮುಳ್ಳಿಲ್ಲ.

ಇಂಗ್ಲಿಷಿನಲ್ಲಿ 'ಐ' ಮುಂದೆ ಬಂದು ನಿಲ್ಲುತ್ತದೆ. ಸಮಯ ಅವರ ಜೇಬಿನ ದುಡ್ಡು. ದುಡ್ಡಿಗೆ ಬಳಸುವ 'ಸೇವ್', 'ಸ್ಪೆಂಡ್', 'ವೇಸ್ಟ್', 'ಸ್ಪೇರ್' ಇವನ್ನೇ ಸಮಯಕ್ಕೂ ಬಳಸುತ್ತಾರೆ. ಸಮಯವೇ ಹಣ ಎಂಬುದನ್ನು ನೆನಪಿಡು ಎಂದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಯುವ ವ್ಯಾಪಾರಿಗೆ ಬುದ್ಧಿ ಹೇಳಿದ್ದು 1748ರಲ್ಲಿ. ಸಮಯದ ಒಡೆಯಳು ನಾನೇ ಆಗಿರುವಾಗ 'ನನ್ನಲ್ಲಿ ಇಲ್ಲ' ಎಂದರೆ, ಇದ್ದದ್ದನ್ನು ನಿಮಗೆ ಕೊಡಲೊಲ್ಲೆ ಎಂದು ಕೇಳುವವರ ಕಿವಿಗೆ ಬೀಳುತ್ತದೆ. ಅವರ ಭಾಷೆಯಲ್ಲೂ ನಮ್ಮ ಬಿಡುವಿಗೆ ಹತ್ತಿರದ ಪದ ಒಂದಿದೆ: 'ಲೆಷರ್'. ಅನುಮತಿ ಎಂಬರ್ಥದ ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಬಂದದ್ದು. ಆದರೆ ವಾರ್ಡಿನ ಮಾತಿನಲ್ಲಿ ಅದು ಕೇಳಿಬರುವುದು ಅಪರೂಪ.

ಹಾಗಾಗಿಯೇ ಇಲ್ಲಿನವರು ರೋಗಿಯ ಎದುರು 'ನೋ ಟೈಮ್' ಎಂದು ಬಾಯಿಬಿಟ್ಟು ಹೇಳುವುದಿಲ್ಲ. 'ಬೇರ್ ವಿತ್ ಮಿ' (ಸ್ವಲ್ಪ ತಾಳಿಕೊಳ್ಳಿ) ಎನ್ನುತ್ತಾರೆ, 'ಐ ವಿಲ್ ಬಿ ವಿತ್ ಯು ಇನ್ ಟು ಮಿನಿಟ್ಸ್' ಎನ್ನುತ್ತಾರೆ. ಕೇಳುವವರೂ ಹಾಗೆಯೇ. 'ವೆನ್ ಯು ಹ್ಯಾವ್ ಗಾಟ್ ಎ ಮಿನಿಟ್' ಎಂದು ಒಬ್ಬ ಮುದುಕರು ಹೇಳಿದರೆ, ನಿಮಗೆ ಬಿಡುವಾದಾಗ ಬನ್ನಿ ಎಂದುಕೊಂಡು ಮುಂದೆ ಹೋಗಬಾರದು. ಎಷ್ಟೋ ಸಲ ಅವರಿಗೆ ಶೌಚಾಲಯಕ್ಕೆ ಹೋಗುವ ಅವಸರವಿರುತ್ತದೆ, ಹೇಳಲು ಸಂಕೋಚ.

ಇನ್ನು 'ಟೇಕ್'. ಆಪರೇಷನ್ ಆದ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ವಾಕರ್ ಹಿಡಿದ ಕೈಗಳ ಬೆರಳಗಂಟು ಬೆಳ್ಳಗಾಗಿರುತ್ತದೆ, ಒಂದು ಹೆಜ್ಜೆಗೆ ಉಸಿರು ಮೂರು ಸಲ ಬರುತ್ತದೆ. ನಮ್ಮ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು 'ಟೇಕ್ ಯುವರ್ ಟೈಮ್' ಎನ್ನುತ್ತಾರೆ. ನಾನು ಮೊದಮೊದಲು 'ಗೋ ಸ್ಲೋಲಿ' ಎನ್ನುತ್ತಿದ್ದೆ. ಎರಡರ ಅರ್ಥವೂ ನಿಧಾನ ಎಂದೇ. ಆದರೆ ನನ್ನದು ಅಪ್ಪಣೆ. ಅವರದು, ಈ ಹೊತ್ತು ನಿಮ್ಮದು, ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಿ ಎಂಬ ಮಾತು. 'ಯುವರ್' ಎಂಬುದರಲ್ಲೇ ಎಲ್ಲ ಇದೆ. ಅದನ್ನು ತೆಗೆದು 'ಇಟ್ ಟೇಕ್ಸ್ ಟೈಮ್' ಎಂದರೆ, ವಾಸಿಯಾಗಲು ದಿನ ಹಿಡಿಯುತ್ತದೆ ಎಂಬ ಬೇರೆಯೇ ಅರ್ಥ. 'ಟೇಕ್ ದ ಟೈಮ್' ಎಂದರೆ ಮನಸ್ಸಿಟ್ಟು, ಬಿಡುವು ಮಾಡಿಕೊಂಡು ಮಾಡುವುದು. ಗುಣವಾಗಿ ಮನೆಗೆ ಹೋದವರು ಬರೆಯುವ ಕಾರ್ಡುಗಳಲ್ಲಿ ಈ ಮಾತು ಇರುತ್ತದೆ: ನನ್ನ ಮಾತು ಕೇಳಲು ಬಿಡುವು ಮಾಡಿಕೊಂಡಿರಿ, ಅದಕ್ಕೆ ವಂದನೆ ಎಂದು. 'ದ' ಎಂಬ ಒಂದಕ್ಷರ ಎಷ್ಟು ಕೆಲಸ ಮಾಡುತ್ತದೆ ಎಂದರೆ, ಬಸ್ ನಿಲ್ದಾಣದಲ್ಲಿ ಯಾರಾದರೂ 'ಹ್ಯಾವ್ ಯು ಗಾಟ್ ದ ಟೈಮ್?' ಎಂದು ಕೇಳಿದರೆ ಅವರಿಗೆ ಬೇಕಾದದ್ದು ನಿಮ್ಮ ಪುರುಸೊತ್ತಲ್ಲ, ಗಂಟೆ ಎಷ್ಟು ಎಂಬುದು.

ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು 'ನಿಮ್ಮ ಸಮಯವನ್ನು ತೆಗೆದುಕೊಳ್ಳಿ', 'ನಾನು ಸಮಯವನ್ನು ಹೊಂದಿದ್ದೇನೆ' ಎಂದು ಕನ್ನಡ ಕೊಡುತ್ತವೆ. ಯಾವ ಮನೆಯಲ್ಲಿ ಯಾರು ಹೀಗೆ ಮಾತನಾಡುತ್ತಾರೆ? 'ಸಾವಕಾಶವಾಗಿ ಮಾಡಿ, ಅವಸರವಿಲ್ಲ' ಎಂದು ಬರೆದರೆ ಹುಡುಗಿಯರಿಗೆ ಕೂಡಲೇ ಅರ್ಥವಾಗುತ್ತದೆ. ಅವಕಾಶ ಇಟ್ಟುಕೊಂಡು ಎಂಬುದೇ 'ಸಾವಕಾಶ'. 'ಟೇಕ್ ಯುವರ್ ಟೈಮ್' ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕೆ? ಗೊತ್ತಿರುವ ಕನ್ನಡದಿಂದ ಹೊರಟರೆ ಇಂಗ್ಲಿಷ್ ದಾರಿಗೆ ಬರುತ್ತದೆ. ಇಲ್ಲದ ಕನ್ನಡವನ್ನು ಹುಟ್ಟಿಸಿದರೆ ಎರಡೂ ಕೆಡುತ್ತವೆ.

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಗಂಟೆಗೊಮ್ಮೆ ಹಾಸಿಗೆಯಿಂದ ಹಾಸಿಗೆಗೆ ಸುತ್ತು ಹೋಗಬೇಕೆಂದು 2012ರಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಕರೆ ಕೊಟ್ಟಿದ್ದರು. ನಮ್ಮ ವಾರ್ಡಿನಲ್ಲೂ ಆ ಸುತ್ತು ಇದೆ. ನೋವು ಹೇಗಿದೆ, ನೀರು ಕೈಗೆಟಕುತ್ತದೆಯೇ, ಮಗ್ಗುಲು ಬದಲಿಸಬೇಕೇ ಎಂದೆಲ್ಲ ಕೇಳಿದ ಮೇಲೆ, ಹೊರಡುವ ಮುನ್ನ ನಾನು ಒಂದು ಮಾತು ಸೇರಿಸುತ್ತೇನೆ: 'ಎನಿಥಿಂಗ್ ಎಲ್ಸ್? ಐ ಹ್ಯಾವ್ ಟೈಮ್'. ಹನ್ನೆರಡೂವರೆ ಗಂಟೆಯ ಪಾಳಿಯಲ್ಲಿ ನಿಜವಾಗಿ ಬಿಡುವಿರುವುದು ಕಡಿಮೆ. ಆದರೂ ಹಾಗೆಂದಾಗ ಆ ಮುಖಗಳು ಸಡಿಲವಾಗುವುದನ್ನು ದಿನಾ ಕಾಣುತ್ತೇನೆ. ಕೆಲವರು ಏನನ್ನೂ ಕೇಳುವುದಿಲ್ಲ, ಕೈ ಹಿಡಿದು ಒತ್ತುತ್ತಾರೆ.

ನಮ್ಮ ಜಿಲ್ಲೆಯಿಂದ ಪ್ರತಿ ವರ್ಷ ಹುಡುಗಿಯರು ಈ ಕೆಲಸಕ್ಕೆ ಹೊರಡುತ್ತಾರೆ. ಅವರಲ್ಲಿ ಹೆಚ್ಚಿನವರು ನನ್ನಂತೆ ಕನ್ನಡದಲ್ಲಿ ಓದಿದವರು, ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುವವರು. ವಾರ್ಡಿನಲ್ಲಿ ಕೇಳಿದ ಇಂಥ ಮಾತುಗಳನ್ನು, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರ ಸಮೇತ, ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬೇಕೆಂದರೆ ಕಳುಹಿಸಿಕೊಡುತ್ತೇನೆ. ಅದಕ್ಕೂ ಮೊದಲು ಆ ಮಾದರಿ ವಾಕ್ಯದ ಜಾಗದಲ್ಲಿ 'ಐ ವಿಲ್ ಬಿ ವಿತ್ ಯು ಇನ್ ಟು ಮಿನಿಟ್ಸ್' ಎಂದು ತಿದ್ದುಪಡಿ ಪ್ರಕಟಿಸಿ. ಹಾಗೆ ಹೇಳಿದ ಮೇಲೆ ಎರಡು ನಿಮಿಷದಲ್ಲಿ ಹೋಗಲೇಬೇಕು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

– ಸುಳ್ಯ ತಾಲ್ಲೂಕಿನ ನರ್ಸ್, ಲೀಡ್ಸ್, ಇಂಗ್ಲೆಂಡ್
(ಹೆಸರು ಪ್ರಕಟಿಸಬಾರದಾಗಿ ಕೋರಿಕೆ)